ಪೇಟೆಯ ಕಾವು

ಬೇಸಿಗೆಯ ವಿಷಯದಲ್ಲಿ ಕನ್ನಡಕ್ಕೆ ಮಾತಿನ ಬಡತನವಿಲ್ಲ. ಬಿಸಿಲು, ಕಾವು, ಝಳ, ಬೇಗೆ, ಧಗೆ, ಸೆಕೆ, ತಾಪ—ಇವುಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ಒಂದಕ್ಕೊಂದು ಪರ್ಯಾಯವೆಂದು ಹೇಳಿಬಿಡುವುದು ಸುಲಭ. ಆದರೆ ಆಡುವ ಜನರ ನಾಲಗೆ ಇವುಗಳಲ್ಲಿ ಭೇದವೆಣಿಸುತ್ತದೆ. ಬಿಸಿಲು ಆಕಾಶದಿಂದ ಬೀಳುವಂಥದು. ಕಾವು ವಸ್ತುವಿನಲ್ಲಿ ಉಳಿಯುವಂಥದು. ಝಳ ಆ ವಸ್ತುವಿನಿಂದ ಹೊರಟು ನಮ್ಮ ಮುಖಕ್ಕೆ ಬಡಿಯುವಂಥದು. ಸೆಕೆ ಕಟ್ಟಕಡೆಗೆ ಮೈ ಅನುಭವಿಸುವಂಥದು. ಬಿಸಿಲಿಗೆ ಕೊಡೆ ಹಿಡಿಯಬಹುದು. ಕಾವಿಗೆ ಹಿಡಿಯುವ ಕೊಡೆ ಇಲ್ಲ. ಸಂಜೆಯಾಗಿ ಬಿಸಿಲು ಇಳಿದ ಮೇಲೂ ಕಾವು ಇಳಿಯಲಿಲ್ಲವೆಂದು ನಾವು ದೂರುವಾಗ, ಒಂದು ಶಾಸ್ತ್ರದ ವಿಷಯವನ್ನೇ ನಮಗರಿಯದಂತೆ ಹೇಳುತ್ತಿರುತ್ತೇವೆ.

ನಾನು ಪಾಠ ಹೇಳುವುದು ಕನ್ನಡ, ಭೌತಶಾಸ್ತ್ರವಲ್ಲ. ಆದರೂ ಈ ಬಿಸಿಲು ಮತ್ತು ಕಾವುಗಳ ಭೇದ ವಿಜ್ಞಾನಿಗಳ ಲೆಕ್ಕದ ಪುಸ್ತಕಕ್ಕೆ ಹೇಗೆ ಬಂದು ಸೇರಿತು, ಅದನ್ನು ಮರೆತ ಊರುಗಳು ಏನು ಬೆಲೆ ತೆತ್ತವು ಎಂಬ ಕಥೆ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿದೆ. ಅದು ಸುಮಾರು ಇನ್ನೂರು ವರ್ಷಗಳ ಕಥೆ. ಅದನ್ನು ಸಂಕ್ಷೇಪವಾಗಿ ಓದುಗರ ಮುಂದಿಡುತ್ತೇನೆ.

ಕಥೆಯ ಮೊದಲ ಪುರುಷ ಲ್ಯೂಕ್ ಹೊವಾರ್ಡ್ ಎಂಬ ಲಂಡನ್ನಿನ ಗೃಹಸ್ಥ. ೧೭೭೨ರಲ್ಲಿ ಹುಟ್ಟಿದವನು, ವೃತ್ತಿಯಿಂದ ಔಷಧ ತಯಾರಕ, ಹವ್ಯಾಸದಿಂದ ಆಕಾಶವನ್ನು ನೋಡುವವನು. ಮೋಡಗಳಿಗೆ ಕ್ಯುಮ್ಯುಲಸ್, ಸ್ಟ್ರೇಟಸ್, ಸಿರ್ರಸ್ ಎಂಬ ಲ್ಯಾಟಿನ್ ಹೆಸರುಗಳನ್ನಿಟ್ಟವನು ಇವನೇ. ಇದನ್ನು ಮೆಚ್ಚಿ ಜರ್ಮನ್ ಮಹಾಕವಿ ಗಯಟೆ ಅವನ ಮೇಲೆ ಪದ್ಯಗಳನ್ನೇ ಬರೆದನು. ಈ ಕೀರ್ತಿಯ ನೆರಳಿನಲ್ಲಿ ಹೊವಾರ್ಡನ ಇನ್ನೊಂದು ಕೆಲಸ ಮರೆಯಾಗಿಬಿಟ್ಟಿದೆ. ಅವನು ಲಂಡನ್ನಿನ ಹೊರವಲಯದ ಹಳ್ಳಿಗಳಲ್ಲಿ ಉಷ್ಣಮಾಪಕವನ್ನಿಟ್ಟುಕೊಂಡು ವರ್ಷಗಟ್ಟಲೆ ಅಂಕಿಗಳನ್ನು ಬರೆದುಕೊಂಡನು. ನಗರದ ನಡುವೆ ರಾಯಲ್ ಸೊಸೈಟಿಯವರು ಬರೆದಿಡುತ್ತಿದ್ದ ಅಂಕಿಗಳೊಡನೆ ಅವನ್ನು ಹೋಲಿಸಿ ನೋಡಿದನು. "ಲಂಡನ್ನಿನ ಹವಾಗುಣ" ಎಂಬ ಅವನ ಗ್ರಂಥ ೧೮೧೮ ಮತ್ತು ೧೮೨೦ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ೧೮೩೩ರಲ್ಲಿ ವಿಸ್ತಾರಗೊಂಡು ಮತ್ತೆ ಅಚ್ಚಾಯಿತು.

ಹೊವಾರ್ಡನಿಗೆ ಕಂಡದ್ದು ಇಷ್ಟು. ಹಳ್ಳಿಗಿಂತ ಪೇಟೆ ಬಿಸಿ. ಅದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದುದು ಹೊತ್ತಿನಲ್ಲಿ. ಹಗಲಿನಲ್ಲಿ ಪೇಟೆ ಹಳ್ಳಿಗಿಂತ ಬಿಸಿಯಾಗಿರಲಿಲ್ಲ. ಸರಾಸರಿಯಲ್ಲಿ ಫ್ಯಾರನ್‌ಹೀಟಿನ ೦.೩೪ ಡಿಗ್ರಿಯಷ್ಟು ತಂಪಾಗಿಯೇ ಇತ್ತು. ರಾತ್ರಿಯಲ್ಲಾದರೋ ಪೇಟೆ ೩.೭೦ ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಎಂದರೆ ಸೂರ್ಯನಿದ್ದಾಗ ಇಲ್ಲದ ವ್ಯತ್ಯಾಸ ಸೂರ್ಯನಿಲ್ಲದಾಗ ಕಾಣಿಸಿಕೊಳ್ಳುತ್ತಿತ್ತು. ಇದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಲಂಡನ್ನಿನ ಲಕ್ಷಾಂತರ ಒಲೆಗಳ ಬೆಂಕಿ. ಆದರೆ ಅಷ್ಟಕ್ಕೇ ಅವನು ನಿಲ್ಲಲಿಲ್ಲ. ಎದುರುಬದುರು ನಿಂತ ಗೋಡೆಗಳು ಶಾಖವನ್ನು ಹಿಡಿದಿಡುವುದು, ಕಟ್ಟಡಗಳು ಗಾಳಿಯನ್ನು ತಡೆಯುವುದು, ಕಲ್ಲು ಹಾಸಿದ ನೆಲದಲ್ಲಿ ಆವಿಯಾಗಲು ನೀರೇ ಇಲ್ಲದಿರುವುದು—ಇವನ್ನೂ ಅವನು ಗುರುತಿಸಿದನು. ಇಂದಿನ ಗ್ರಂಥಗಳಲ್ಲಿ ಹೇಳುವ ಕಾರಣಗಳ ಪಟ್ಟಿ ಇದಕ್ಕಿಂತ ಬಹಳ ಬೇರೆಯಾಗಿಲ್ಲ.

ಆ ಕಾರಣಗಳನ್ನು ಕೊಂಚ ಬಿಡಿಸಿ ನೋಡೋಣ. ನಿರ್ಮಲವಾದ ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು ಒಂದು ಸಾವಿರ ವ್ಯಾಟ್. ಒಂದು ವಿದ್ಯುತ್ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡದೆ ಉರಿಸಿದಂತೆ. ಈ ಶಕ್ತಿ ಎಲ್ಲಿಗೆ ಹೋಗಬೇಕು? ಒಂದು, ಬಂದ ದಾರಿಯಲ್ಲೇ ಹಿಂದಿರುಗಬಹುದು. ಹೊಸದಾಗಿ ಸುಣ್ಣ ಬಳಿದ ಮಾಳಿಗೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಹೊಸ ಡಾಮರು ರಸ್ತೆ ಕಳಿಸುವುದು ಐದು ಪಾಲು ಮಾತ್ರ. ಸವೆದು ಬೂದುಬಣ್ಣಕ್ಕೆ ತಿರುಗಿದ ಡಾಮರು ಹತ್ತೋ ಹದಿನೈದೋ. ಎರಡು, ನೀರನ್ನು ಆವಿ ಮಾಡುವುದರಲ್ಲಿ ವ್ಯಯವಾಗಬಹುದು. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಆ ಇಸ್ತ್ರಿಪೆಟ್ಟಿಗೆ ನಲವತ್ತು ನಿಮಿಷ ಉರಿದಷ್ಟು ಶಾಖ ಬೇಕು. ಮರದ ಎಲೆಗಳೂ ಹಸಿ ಮಣ್ಣೂ ಹುಲ್ಲೂ ದಿನವಿಡೀ ಮಾಡುವ ಕೆಲಸ ಇದು. ಡಾಮರಿಗೂ ಕಾಂಕ್ರೀಟಿಗೂ ಕೊಡಲು ನೀರಿಲ್ಲ. ಹಿಂದಿರುಗದೆ, ಆವಿಯಲ್ಲೂ ಕಳೆಯದೆ ಉಳಿದ ಪಾಲು ವಸ್ತುವನ್ನೇ ಕಾಯಿಸಬೇಕು. ಅದರ ಮೇಲಿನ ಗಾಳಿಯನ್ನು ಕಾಯಿಸಬೇಕು. ಗಾಳಿಯ ಉಷ್ಣಮಾನ ೪೦ ಡಿಗ್ರಿ ಸೆಂಟಿಗ್ರೇಡ್ ಇರುವ ದಿನ ಬಯಲಿನಲ್ಲಿರುವ ಡಾಮರಿನ ಮೈ ೬೦ ಡಿಗ್ರಿಯನ್ನು ದಾಟುವುದು ಹೀಗೆ.

ದಪ್ಪನೆಯ ವಸ್ತುಗಳಲ್ಲಿ ಈ ಶಾಖ ಮೇಲೆಯೇ ನಿಲ್ಲದೆ ಮೆಲ್ಲಮೆಲ್ಲನೆ ಒಳಕ್ಕಿಳಿಯುತ್ತದೆ. ಸಿಮೆಂಟಿನ ಚಾವಣಿಯ ಹೊರಮೈ ಮಧ್ಯಾಹ್ನ ಒಂದು ಗಂಟೆಗೆ ಅತ್ಯಂತ ಬಿಸಿಯಾದರೆ, ಒಳಮೈ ಹಾಗಾಗುವುದು ಕೆಲವು ಗಂಟೆಗಳ ತರುವಾಯ, ಮನೆಯವರು ದೀಪ ಹಚ್ಚುವ ಹೊತ್ತಿಗೆ. ಕನ್ನಡದಲ್ಲಿ ಕಾಯುವುದು ಎಂದರೆ ಬಿಸಿಯಾಗುವುದೂ ಹೌದು, ನಿರೀಕ್ಷಿಸುವುದೂ ಹೌದು. ಪೇಟೆಯ ಕಲ್ಲು ಎರಡರ್ಥದಲ್ಲಿಯೂ ಕಾಯುತ್ತದೆ. ಹಳ್ಳಿಯ ಬಯಲಿನಲ್ಲಾದರೆ ರಾತ್ರಿಯ ನೆಲ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಒಪ್ಪಿಸಿ ಹಗುರವಾಗುತ್ತದೆ. ಓಣಿಯ ಗೋಡೆಗೆ ಕಾಣುವ ಆಕಾಶ ಒಂದು ಪಟ್ಟಿಯಷ್ಟು. ಅದರ ಎದುರಿಗಿರುವುದು ತನ್ನಂತೆಯೇ ಕಾದ ಇನ್ನೊಂದು ಗೋಡೆ. ಒಂದರ ಸಾಲವನ್ನು ಇನ್ನೊಂದು ಹೊತ್ತುಕೊಂಡರೆ ತೀರುವುದು ಯಾವಾಗ? ತೀರುವುದರೊಳಗೆ ಮತ್ತೆ ಬೆಳಗಾಗುತ್ತದೆ.

ಇದು ಗೊತ್ತಿದ್ದೂ ಪ್ರಪಂಚದ ಪತ್ರಿಕೆಗಳಲ್ಲಿ ಹಗಲಿನ ಅಂಕಿಯೇ ಏಕೆ ದೊಡ್ಡಕ್ಷರದಲ್ಲಿ ಬರುತ್ತದೆ? ಅದಕ್ಕೂ ಒಂದು ಚರಿತ್ರೆಯಿದೆ. ಹವಾಮಾನದ ಕಚೇರಿಗಳಲ್ಲಿ ಉಷ್ಣಮಾಪಕವನ್ನು ಇಡುವ ಬಿಳಿಯ, ಜಾಲರಿ ಪಟ್ಟಿಗಳ ಪೆಟ್ಟಿಗೆಯನ್ನು ರೂಪಿಸಿದವನು ಹತ್ತೊಂಬತ್ತನೆಯ ಶತಮಾನದ ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರು, ದೀಪಸ್ತಂಭಗಳನ್ನು ಕಟ್ಟುತ್ತಿದ್ದವನು, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ತಂದೆ. ಪೆಟ್ಟಿಗೆಯನ್ನು ಹುಲ್ಲಿನ ಮೇಲೆ, ಆಳಿನೆದೆಯ ಎತ್ತರದಲ್ಲಿ ನಿಲ್ಲಿಸುವುದು ವಾಡಿಕೆ. ಮಾಪಕಕ್ಕೆ ಬಿಸಿಲೂ ತಾಗಬಾರದು, ಸುತ್ತಲ ಗೋಡೆಯ ಝಳವೂ ತಾಗಬಾರದು. ಊರಿಂದೂರಿಗೆ ಗಾಳಿಯನ್ನು ಹೋಲಿಸಿ ನೋಡಬೇಕಾದರೆ ಈ ನಿಯಮ ನ್ಯಾಯವಾದುದೇ. ಆದರೆ ಅದರ ಪರಿಣಾಮವನ್ನು ಗಮನಿಸಿ: ನಾವು ಬೆಳಿಗ್ಗೆ ಓದುವ ಅಂಕಿಯಲ್ಲಿ ಪೇಟೆಯ ಕಾವಿನ ಬಹುಪಾಲು ಬುದ್ಧಿಪೂರ್ವಕವಾಗಿಯೇ ಹೊರಗುಳಿದಿದೆ. ೧೮೭೫ರಲ್ಲಿ ಸ್ಥಾಪಿತವಾದ ನಮ್ಮ ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಡುವುದಕ್ಕೆ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಮಾನ ಕನಿಷ್ಠ ೪೦ ಡಿಗ್ರಿ ಮುಟ್ಟಿ, ವಾಡಿಕೆಗಿಂತ ೪.೫ ಡಿಗ್ರಿಯಾದರೂ ಏರಿರಬೇಕು. ಕರಾವಳಿಗೆ ೩೭ ಡಿಗ್ರಿಯ ಮಿತಿ. ಇವೆಲ್ಲ ಹಗಲಿನ ಲೆಕ್ಕ. ರಾತ್ರಿಯ ಬಿಸಿಗೂ ಪ್ರತ್ಯೇಕವಾದ ಎಚ್ಚರಿಕೆ ಬೇಕೆಂಬುದು ಆಮೇಲೆ ಬಂದು ಸೇರಿದ ವಿವೇಕ.

ಪೆಟ್ಟಿಗೆಯಿಂದ ಹೊರಬಂದು ಬೀದಿಯನ್ನೇ ಅಳೆಯಹೊರಟವರೂ ಇದ್ದರು. ವಿಯೆನ್ನಾದ ವಿಲ್ಹೆಲ್ಮ್ ಶ್ಮಿಟ್ ೧೯೨೭ರಲ್ಲಿ ಮೋಟಾರು ಕಾರಿಗೆ ಉಷ್ಣಮಾಪಕವನ್ನು ಕಟ್ಟಿಕೊಂಡು ಊರೆಲ್ಲ ಸುತ್ತಿದನು. ಲಂಡನ್ನಿನ ಟಿ. ಜೆ. ಚಾಂಡ್ಲರ್ ಅದೇ ಬಗೆಯಲ್ಲಿ ರಾತ್ರಿಯ ಹೊತ್ತು ಸುತ್ತಿ, ೧೯೬೫ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಹೊವಾರ್ಡನ ಗ್ರಂಥದ ಹೆಸರನ್ನೇ ತನ್ನ ಗ್ರಂಥಕ್ಕೂ ಇಟ್ಟನು. ಆ ವೇಳೆಗೆ "ಉಷ್ಣದ್ವೀಪ" ಎಂಬ ಮಾತು ಬಳಕೆಗೆ ಬಂದಿತ್ತು. ಸಮಉಷ್ಣರೇಖೆಗಳನ್ನೆಳೆದ ನಕ್ಷೆಯಲ್ಲಿ ತಂಪಾದ ಹಳ್ಳಿಗಾಡಿನ ನಡುವೆ ಪೇಟೆ ನಡುಗಡ್ಡೆಯಂತೆ ಎದ್ದು ಕಾಣುವುದರಿಂದ ಆ ಹೆಸರು. ಇಷ್ಟಾದರೂ ವಿಷಯ ವಿದ್ವಾಂಸರ ಕುತೂಹಲವಾಗಿಯೇ ಉಳಿದಿತ್ತು. ಅದು ಜೀವನ್ಮರಣದ ಪ್ರಶ್ನೆಯಾಗಿ ಲೋಕದ ಕಣ್ಣಿಗೆ ಬಿದ್ದುದು ಮೂರು ಊರುಗಳಲ್ಲಿ.

ಮೊದಲನೆಯದು ಅಮೆರಿಕದ ಶಿಕಾಗೊ. ೧೯೯೫ರ ಜುಲೈ ೧೩ರಂದು ಅಲ್ಲಿ ಉಷ್ಣಮಾನ ಫ್ಯಾರನ್‌ಹೀಟಿನ ೧೦೬ ಡಿಗ್ರಿಗೇರಿತು. ಸೆಂಟಿಗ್ರೇಡಿನಲ್ಲಿ ಸುಮಾರು ೪೧. ರಾಯಚೂರಿನವರು ಕೇಳಿದರೆ ನಕ್ಕಾರು. ಆದರೆ ಗಾಳಿಯಲ್ಲಿ ತೇವ ತುಂಬಿತ್ತು, ರಾತ್ರಿಗಳು ತಣಿಯಲಿಲ್ಲ. ಕಪ್ಪು ಡಾಮರು ಬಳಿದ ಚಪ್ಪಟೆ ಮಾಳಿಗೆಗಳ ಕೆಳಗೆ, ಇಟ್ಟಿಗೆಯ ವಠಾರಗಳಲ್ಲಿ ಜನ ಸತ್ತರು. ಶವಾಗಾರದಲ್ಲಿ ಎಡೆ ಸಾಲದೆ ಹೊರಗೆ ಶೀತಲ ಲಾರಿಗಳನ್ನು ಸಾಲಾಗಿ ನಿಲ್ಲಿಸಬೇಕಾಯಿತು. ಆ ವಾರ ವಾಡಿಕೆಗಿಂತ ಹೆಚ್ಚಾಗಿ ಸತ್ತವರು ೭೩೯ ಮಂದಿಯೆಂದು ಆಮೇಲೆ ಲೆಕ್ಕ ಹಾಕಿದರು. ಯಾರು ಸತ್ತರೆಂದು ಮನೆಮನೆಗೆ ಹೋಗಿ ವಿಚಾರಿಸಿದ ವೈದ್ಯರಿಗೆ ಕಂಡುಬಂದದ್ದು: ಒಂಟಿಯಾಗಿದ್ದವರು, ಹಾಸಿಗೆ ಹಿಡಿದವರು, ಹವಾನಿಯಂತ್ರಣ ಇಲ್ಲದವರು, ಮತ್ತು ಕಟ್ಟಡದ ಕಟ್ಟಕಡೆಯ ಅಂತಸ್ತಿನಲ್ಲಿ ಇದ್ದವರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ೨೦೦೨ರಲ್ಲಿ ಈ ದುರಂತದ ಮೇಲೆ ಗ್ರಂಥ ಬರೆದು ಇನ್ನೊಂದು ಸಂಗತಿಯನ್ನು ಸೇರಿಸಿದನು. ಒಂದರ ಪಕ್ಕದಲ್ಲೊಂದಿರುವ ಎರಡು ಬಡ ಕೇರಿಗಳಲ್ಲಿ ಒಂದರ ಸಾವಿನ ಪ್ರಮಾಣ ಮತ್ತೊಂದರ ಹತ್ತು ಪಟ್ಟು. ಸಾವು ಕಡಮೆಯಾದ ಕೇರಿಯಲ್ಲಿ ಬೀದಿ ಜೀವಂತವಾಗಿತ್ತು, ಅಂಗಡಿ ಮುಂಗಟ್ಟುಗಳಿದ್ದವು, ಮುದುಕರು ಹೆದರದೆ ಹೊರಗೆ ಬರುತ್ತಿದ್ದರು. ಇನ್ನೊಂದರಲ್ಲಿ ಕಳ್ಳಕಾಕರ ಭಯದಿಂದ ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಬೆಂದರು. ಹಿಂದಿನ ತಲೆಮಾರಿನ ಶಿಕಾಗೊ ಜನ ಇಂಥ ರಾತ್ರಿಗಳಲ್ಲಿ ಚಾಪೆ ದಿಂಬು ಹಿಡಿದು ಉದ್ಯಾನಗಳಿಗೆ ಹೋಗಿ ಮಲಗುತ್ತಿದ್ದರು. ಆ ರೂಢಿ ೧೯೯೫ರ ಹೊತ್ತಿಗೆ ಅಳಿದಿತ್ತು.

ಎರಡನೆಯದು ಪ್ಯಾರಿಸ್. ೨೦೦೩ರ ಆಗಸ್ಟ್ ತಿಂಗಳ ಮೊದಲ ಮೂರು ವಾರಗಳಲ್ಲಿ ಫ್ರಾನ್ಸ್ ದೇಶದಲ್ಲಿ ವಾಡಿಕೆಗಿಂತ ೧೪,೮೦೦ರಷ್ಟು ಹೆಚ್ಚು ಸಾವುಗಳಾದವು. ಪ್ಯಾರಿಸ್ಸಿನಲ್ಲಿ ಉಷ್ಣಮಾನ ೨೫ ಡಿಗ್ರಿಗಿಂತ ಕೆಳಗಿಳಿಯದ ರಾತ್ರಿಗಳು ಬಂದವು. ಆ ನಗರದ ಚೆಲುವೆಂದು ಲೋಕ ಹೊಗಳುವ ಬೂದುಬಣ್ಣದ ಚಾವಣಿಗಳು ಸತುವಿನ ತಗಡಿನವು. ೧೮೫೩ರಿಂದ ೧೮೭೦ರವರೆಗೆ ಹೌಸ್ಮನ್ ಎಂಬ ಅಧಿಕಾರಿ ಹಳೆಯ ಊರನ್ನು ಕೆಡವಿ ಹೊಸದಾಗಿ ಕಟ್ಟಿಸಿದ ಕಾಲದಲ್ಲಿ ಅವು ಊರನ್ನೆಲ್ಲ ಆವರಿಸಿದವು. ಚಾವಣಿಗೆ ತಾಗಿದಂತೆ ಆಳುಹೆಂಗಸರಿಗಾಗಿ ಇಕ್ಕಟ್ಟಿನ ಕೋಣೆಗಳನ್ನು ಕಟ್ಟಿದರು. ಮುಂದೆ ಅವೇ ಬಡ ವಿದ್ಯಾರ್ಥಿಗಳಿಗೂ ಒಂಟಿ ಮುದುಕಿಯರಿಗೂ ಬಾಡಿಗೆಯ ಮನೆಗಳಾದವು. ೨೦೦೩ರ ಸಾವುಗಳನ್ನು ಪರೀಕ್ಷಿಸಿದವರು ಉಪಗ್ರಹದಿಂದ ತೆಗೆದ ಉಷ್ಣಚಿತ್ರಗಳನ್ನೂ ಎದುರಿಗಿಟ್ಟುಕೊಂಡರು. ಚಾವಣಿಯ ಕೆಳಗೇ ಮಲಗುವ ಕೋಣೆಯಿದ್ದವರಿಗೂ, ಸುತ್ತಲ ನೆಲದ ಮೈ ಹೆಚ್ಚು ಕಾದಿದ್ದ ಕಡೆಯವರಿಗೂ ಅಪಾಯ ಹೆಚ್ಚಾಗಿತ್ತೆಂದು ತಿಳಿಯಿತು. ಕಲ್ಲಿನ ಕಾವಿಗೂ ಮನುಷ್ಯನ ಸಾವಿಗೂ ಇರುವ ಸಂಬಂಧ ಅಂಕಿಗಳಲ್ಲಿ ಕಾಣಿಸಿದ್ದು ಹೀಗೆ. ೨೦೨೪ರಲ್ಲಿ ಯುನೆಸ್ಕೊ ಪ್ಯಾರಿಸ್ಸಿನ ಸತುವಿನ ಚಾವಣಿ ಕಟ್ಟುವ ಕಸಬನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕಸಬಿಗೆ ಮನ್ನಣೆ ಸಲ್ಲಬೇಕಾದುದೇ. ಅದರ ಕೆಳಗೆ ಮಲಗಿದವರ ನೆನಪೂ ಆ ಪರಂಪರೆಯ ಒಂದು ಭಾಗವೆಂದು ನನಗೆ ತೋರುತ್ತದೆ.

ಮೂರನೆಯದು ನಮ್ಮ ಅಹಮದಾಬಾದು. ೨೦೧೦ರ ಮೇ ೨೧ರಂದು ಅಲ್ಲಿ ೪೬.೮ ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನವಾಯಿತು. ಬೇಸಿಗೆಯೆಂದರೆ ಇದ್ದದ್ದೇ ಎಂದು ಊರು ಸುಮ್ಮನಿದ್ದಿತು. ತರುವಾಯ ನಗರಸಭೆಯ ಮರಣದ ದಾಖಲೆಗಳನ್ನು ಅಕ್ಕಪಕ್ಕದ ವರ್ಷಗಳೊಡನೆ ಹೋಲಿಸಿ ನೋಡಿದಾಗ, ಆ ಒಂದು ತಿಂಗಳಲ್ಲಿ ೧,೩೪೪ ಮಂದಿ ಹೆಚ್ಚಾಗಿ ಸತ್ತಿದ್ದರೆಂದು ತಿಳಿದುಬಂತು. ಸಾವಿನ ಪತ್ರಗಳಲ್ಲಿ ಬಿಸಿಲಿನ ಹೆಸರೇ ಇರದಿದ್ದಾಗ ಇಂಥ ಹೋಲಿಕೆಯಿಂದಲೇ ಲೆಕ್ಕ ಹೊರಡಬೇಕು. ಆ ಊರಿನ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಬಾಣಂತಿಯರ ಕೋಣೆ ಮೇಲಂತಸ್ತಿನಲ್ಲಿತ್ತು. ಆ ಬೇಸಿಗೆಯಲ್ಲಿ ಎಳೆಗೂಸುಗಳು ಬಿಸಿಯಿಂದಲೇ ಕಾಯಿಲೆ ಬಿದ್ದವು. ಅನಂತರ ಬಾಣಂತಿಯರನ್ನು ಕೆಳಗಿನ ಅಂತಸ್ತಿಗೆ ತಂದರು. ಹಾಗೆ ಕಾಯಿಲೆ ಬೀಳುವ ಕೂಸುಗಳ ಸಂಖ್ಯೆ ಇಳಿಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿ ಇದು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಚಾವಣಿ ಎಂಬುದು ಹಗಲೆಲ್ಲ ಕಾದ ಕಾವಲಿಯೆಂದು ಅರಿತು, ಹಸುಗೂಸನ್ನು ಅದರ ಕೆಳಗಿನಿಂದ ತೆಗೆದರು, ಅಷ್ಟೆ.

೨೦೧೩ರಲ್ಲಿ ಅಹಮದಾಬಾದು ಬಿಸಿಗಾಳಿಯನ್ನೆದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು; ದಕ್ಷಿಣ ಏಷ್ಯದಲ್ಲೇ ಅದು ಮೊದಲನೆಯದು. ೨೦೧೭ರಲ್ಲಿ ಬಡವರ ಮೂರು ಸಾವಿರದಷ್ಟು ಮನೆಗಳ ಚಾವಣಿಗಳಿಗೆ ಸುಣ್ಣ ಬಳಿಸಿದರು. ಸುಣ್ಣ ಆ ಊರಿಗೆ ಹೊಸದಲ್ಲ. ಬಿಳಿಯ ಪಿಂಗಾಣಿ ಚೂರುಗಳನ್ನು ಮಾಳಿಗೆಯ ಮೇಲೆ ಹಾಸುವ ರೂಢಿಯೂ ಗುಜರಾತಿನಲ್ಲಿ ಹಿಂದಿನಿಂದ ಇದ್ದದ್ದೇ. ಅದೇ ವರ್ಷ ಯುನೆಸ್ಕೊ ಮನ್ನಣೆ ಪಡೆದ ಅಲ್ಲಿನ ಹಳೆಯ ಪೇಟೆಯ ಪೋಳಗಳಲ್ಲಿ ಓಣಿ ಕಿರಿದು, ಮನೆಯ ನಡುವೆ ತೆರೆದ ಅಂಗಳ, ಅಂಗಳದಡಿಯಲ್ಲಿ ಮಳೆಯ ನೀರಿನ ತೊಟ್ಟಿ.

ಇಲ್ಲಿಗೆ ಬಂದಾಗ "ಹಿರಿಯರೇ ಜಾಣರು" ಎಂದು ಕೈಮುಗಿದು ಮುಗಿಸಿಬಿಡುವ ಆಸೆಯಾಗುತ್ತದೆ. ಆ ಆಸೆಗೆ ನಾನು ಒಳಗಾಗಲಾರೆ. ಕಿರಿದಾದ ಓಣಿ ಹಗಲಿನಲ್ಲಿ ನೆರಳು ಕೊಡುವುದು ನಿಜ. ರಾತ್ರಿಯಲ್ಲಿ ಆಕಾಶವನ್ನು ಮುಚ್ಚುವುದೂ ನಿಜ. ಉತ್ತರ ಕರ್ನಾಟಕದ ದಪ್ಪ ಮಣ್ಣಿನ ಮಾಳಿಗೆ ನಡುಹಗಲಿನ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಆದರೆ ಹೊತ್ತು ಮುಳುಗಿದ ಮೇಲೆ ಅದರ ಒಳಗೂ ಕಾವಿರುತ್ತದೆ. ಬಯಲುಸೀಮೆಯ ಕಾಲೇಜೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದಾಗ ಇದನ್ನು ನಾನೇ ಕಂಡಿದ್ದೇನೆ. ಹಿರಿಯರಿಗೆ ಇದ್ದ ಅನುಕೂಲ ಗೋಡೆಯದಷ್ಟೇ ಅಲ್ಲ, ಬಿಡುಗಡೆಯದು. ರಾತ್ರಿಯಾದೊಡನೆ ಅವರು ಕಾದ ಮನೆಯನ್ನು ಬಿಟ್ಟು ಮಾಳಿಗೆಯ ಮೇಲೆ, ಅಂಗಳದಲ್ಲಿ, ಜಗಲಿಯಲ್ಲಿ ಹೋಗಿ ಮಲಗಬಹುದಾಗಿತ್ತು. ಮೈ ತೆರೆದ ಆಕಾಶದೆದುರು ತಣಿಯುತ್ತಿತ್ತು. ಹಗಲಿನಲ್ಲಿ ಬೆಂದ ದೇಹಕ್ಕೆ ಬೇಕಾದುದು ಆ ಕೆಲವು ಗಂಟೆಗಳ ಬಿಡುವು. ಎರಡು ಮೂರು ರಾತ್ರಿ ಅದು ಸಿಗದಿದ್ದರೆ ಮುದುಕರ ಎದೆ ತಡೆಯಲಾರದು. ಶಿಕಾಗೊದ ಜನ ಉದ್ಯಾನವನ್ನು ಬಿಟ್ಟಂತೆ ನಾವೂ ಮಾಳಿಗೆಯನ್ನು ಬಿಟ್ಟಿದ್ದೇವೆ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಮಾಳಿಗೆ ಬಾಡಿಗೆದಾರನದಲ್ಲ, ಅದರ ಬಾಗಿಲಿಗೆ ಬೀಗ. ಕೆಳಗೆ ಜಗಲಿಯಿಲ್ಲ. ಕಿಟಕಿ ತೆರೆದರೆ ಸೊಳ್ಳೆ, ಕಳ್ಳರ ಭಯ. ಅನುಕೂಲವುಳ್ಳವರು ಹವಾನಿಯಂತ್ರಣ ಯಂತ್ರವನ್ನಿಡುತ್ತಾರೆ. ಅದು ಒಳಗಿನ ಶಾಖವನ್ನು ತೆಗೆದು, ತಾನು ಉಂಡ ವಿದ್ಯುತ್ತಿನ ಶಾಖವನ್ನೂ ಸೇರಿಸಿ, ಓಣಿಗೆ ಚೆಲ್ಲುತ್ತದೆ. ಎದುರು ಮನೆಯವನ ಕಿಟಕಿ ಅದೇ ಓಣಿಗೆ ತೆರೆದಿರುತ್ತದೆ.

ಬೆಂಗಳೂರಿನವರು ಇದು ಗುಲ್ಬರ್ಗ, ರಾಯಚೂರುಗಳ ಮಾತೆಂದು ಪುಟ ತಿರುವಬಾರದು. ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರು ೩೯.೨ ಡಿಗ್ರಿಯನ್ನು ಕಂಡಿತು. ಕಲ್ಯಾಣ ಕರ್ನಾಟಕದಲ್ಲಾದರೂ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ವಾಡಿಕೆಯಿದೆ. ಬಿಸಿಲನ್ನು ಬಿಸಿಲೆಂದು ಒಪ್ಪಿಕೊಂಡ ವಾಡಿಕೆ ಅದು. ಆದರೆ ಅದು ಹಗಲಿನ ಏರ್ಪಾಡು, ನೌಕರರ ಏರ್ಪಾಡು. ರಾತ್ರಿಗೆ, ತಗಡಿನ ಮನೆಯವರಿಗೆ, ಮೇಲಂತಸ್ತಿನ ಒಂಟಿ ಜೀವಗಳಿಗೆ ಏರ್ಪಾಡು ಯಾವುದು?

ಸುಣ್ಣವೊಂದರಿಂದಲೇ ಎಲ್ಲವೂ ಆಗದು. ಅದು ಚಾವಣಿಯನ್ನು ಕಾಪಾಡುತ್ತದೆ, ಬೀದಿಯನ್ನಲ್ಲ. ಧೂಳು ಕೂತು, ಮಳೆಗೆ ತೊಳೆದುಹೋಗಿ, ವರ್ಷವರ್ಷವೂ ಬಳಿಯಬೇಕಾಗುತ್ತದೆ. ಬೀದಿಗೆ ಮರವೇ ಬೇಕು. ಮರಕ್ಕೆ ಕಾಂಕ್ರೀಟು ಮುಚ್ಚದ ಮಣ್ಣು ಬೇಕು. ಇವು ನಿಧಾನದ ಕೆಲಸಗಳು. ಆದರೆ ನಿಧಾನವಲ್ಲದವೂ ಕೆಲವಿವೆ. ಆಸ್ಪತ್ರೆಯಲ್ಲಿ ಬಾಣಂತಿಯರನ್ನೂ ಮುದುಕರನ್ನೂ ಚಾವಣಿಯ ಕೆಳಗಿಡದಿರುವುದು; ಶಾಲೆಯ ಮೇಲಂತಸ್ತನ್ನು ಬೇಸಿಗೆಯಲ್ಲಿ ಮಕ್ಕಳಿಗೆ ಕೊಡದಿರುವುದು; ಬಿಸಿಗಾಳಿಯ ರಾತ್ರಿಗಳಲ್ಲಿ ಉದ್ಯಾನಗಳ ಬಾಗಿಲನ್ನು ದೀಪ, ನೀರು, ಕಾವಲುಗಾರರೊಡನೆ ತೆರೆದಿಡುವುದು; ಮಾಳಿಗೆಯ ಬೀಗದ ಕೈಯನ್ನು ಬಾಡಿಗೆದಾರರಿಗೆ ಕೊಡುವುದು; ನೆರೆಮನೆಯ ಮುದುಕಿ ಬೆಳಿಗ್ಗೆ ಬಾಗಿಲು ತೆರೆದಳೇ ಎಂದು ವಿಚಾರಿಸುವುದು. ಮಳೆಗಾಲಕ್ಕೆ ಮುನ್ನ ಚರಂಡಿ ತೆಗೆಸುವ ಪುರಸಭೆಗಳು ಹೋಳಿಹುಣ್ಣಿಮೆಯೊಳಗೆ ಬಡವರ ಚಾವಣಿಗೆ ಸುಣ್ಣ ಬಳಿಸುವುದನ್ನೂ ತಮ್ಮ ವರ್ಷದ ಕೆಲಸಗಳ ಪಟ್ಟಿಗೆ ಸೇರಿಸಿಕೊಳ್ಳಲಿ. ಅದಕ್ಕೆ ತಗಲುವ ಹಣ ಕಡಮೆ. ತಪ್ಪಿದರೆ ತಗಲುವುದೇನೆಂದು ಶಿಕಾಗೊ, ಪ್ಯಾರಿಸ್, ಅಹಮದಾಬಾದುಗಳು ನಮಗೆ ಮೊದಲೇ ತಿಳಿಸಿವೆ.